ತಮ್ಮ ಪಾದ ತಾವೇ ತೊಳೆದುಕೊಂಡ ಕಾರಂಜಿಗಳು

ಏನಾಗಿತ್ತು ಅಂತ ಊಹಿಸಿ ನೋಡೋಣ. ಒಂದು ಪಾರ್ಕು. ಪಾರ್ಕಿನ ನಡುವೆ ಹುಲ್ಲುಹಾಸು. ಹುಲ್ಲಿನೊಳಗೆ ಇಪ್ಪತ್ತನಾಲ್ಕು ಹಿತ್ತಾಳೆ ಸ್ಪ್ರಿಂಕ್ಲರುಗಳು. ಬೋರಿನ ಪಂಪು ಹಾಕಿದರೆ ಒಂದೊಂದೂ ಹನ್ನೆರಡು ಅಡಿ ದೂರ ನೀರು ಬೀಸಬೇಕು. ವರ್ಷಗಟ್ಟಲೆ ಬೀಸುತ್ತಿದ್ದವು ಕೂಡ. ಮಳೆಗಾಲ ಮುಗಿದ ಮೇಲೆ ಒಂದು ದಿನ ಪಂಪು ಹಾಕಿ ನೋಡಿದರೆ, ಇಪ್ಪತ್ತನಾಲ್ಕೂ ಗಂಭೀರವಾಗಿ ನಿಂತುಕೊಂಡು ತಮ್ಮ ಪಾದ ತಾವೇ ತೊಳೆದುಕೊಳ್ಳುತ್ತಿವೆ. ನೀರು ಕಣಕಾಲಿನ ಮೇಲೆ ಏಳುವುದಿಲ್ಲ.

ಬೋರು ಬತ್ತಿತು ಅಂತೀರಿ. ಎಲ್ಲರೂ ಹಾಗೇ ಅಂದರು, ತಪ್ಪು. ಮೋಟಾರು ಕೆಟ್ಟಿತು? ಅದೂ ಅಲ್ಲ. ಪೈಪು ಒಡೆಯಿತು? ಅಗೆದು ನೋಡಿದ್ದೇವೆ. ಕಸ ಕಟ್ಟಿತು? ಫಿಲ್ಟರಿನ ಜಾಲರಿಯನ್ನು ನಾನೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ್ದೇನೆ. ಇನ್ನೂ ಊಹಿಸುತ್ತಿರಿ, ಅಷ್ಟರಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ.

ನನ್ನ ಸುತ್ತ ಇಂಥವು ನಡೆಯುತ್ತಲೇ ಇರುತ್ತವೆ. ಬಿ.ಎಸ್ಸಿ. ಮುಗಿಸಿ ಹರಿಹರದ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗ ಸೇರಿ ಮೂವತ್ತೆರಡು ವರ್ಷ ಇದ್ದೆ. ದಿನಾ ದಾವಣಗೆರೆಯಿಂದ ಹೋಗುವುದು, ದಿನಾ ಬರುವುದು. ಈಗ ನಿವೃತ್ತ, ಪರಮ ಸುಖಿ. ನಿವೃತ್ತನಾದ ಮಾರನೇ ವಾರವೇ ನಿಜಲಿಂಗಪ್ಪ ಬಡಾವಣೆಯ ನಮ್ಮ ಓಣಿಯ ಪಾರ್ಕಿನ ಸಮಿತಿಯವರು ಮನೆಗೆ ಬಂದು ನನ್ನನ್ನು ಕಾರ್ಯದರ್ಶಿ ಮಾಡಿ ಹೋದರು. ಕಾರಣ ಇಷ್ಟೇ: ನಟ್ಟು ತಿರುಗಿಸುವ ಪಾನಾವನ್ನು ಯಾವ ತುದಿಯಲ್ಲಿ ಹಿಡಿಯಬೇಕು ಅಂತ ಗೊತ್ತಿದ್ದವನು ಆ ಸಮಿತಿಯಲ್ಲಿ ನಾನೊಬ್ಬನೇ.

೧. ಬಿಳಿ ಬೂಟು

ನಮ್ಮ ಸಮಿತಿಯ ಅಧ್ಯಕ್ಷರು ಜವಳಿ ವ್ಯಾಪಾರ ಮಾಡಿ, ಅಂಗಡಿಯನ್ನು ಮಗನಿಗೆ ಬಿಟ್ಟು ಬಂದವರು. ಒಳ್ಳೆಯ ಮನುಷ್ಯರು. ಬೆಳಿಗ್ಗೆ ಆರಕ್ಕೆ ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಬೂಟಿನಲ್ಲಿ ವಾಕಿಂಗಿಗೆ ಇಳಿಯುತ್ತಾರೆ. ಈ ಲೋಕದಲ್ಲಿ ಅವರಿಗೆ ಆಗಿಬರದ ವಸ್ತು ಒಂದೇ, ಕೆಸರು. ಹುಲ್ಲು ಇದ್ದಲ್ಲಿ ನೀರು, ನೀರು ಇದ್ದಲ್ಲಿ ಕೆಸರು, ಕೆಸರು ಇದ್ದಲ್ಲಿ ಅವರ ಬೂಟು. ಹೀಗಾಗಿ ಸ್ಪ್ರಿಂಕ್ಲರುಗಳು ಸೋತದ್ದು ಅವರಿಗೆ ಅಷ್ಟೇನೂ ದುಃಖದ ವಿಷಯವಾಗಿರಲಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಹುಲ್ಲು ಹಳದಿಗೆ ತಿರುಗಿತು. ಅಧ್ಯಕ್ಷರು ನಮ್ಮನ್ನೆಲ್ಲ ಕಲ್ಲುಬೆಂಚಿನ ಹತ್ತಿರ ಕರೆದರು.

"ನೋಡ್ರಿ, ನೀರೇ ಇಲ್ಲದ ಮೇಲೆ ಹುಲ್ಲಿನ ಆಸೆ ಯಾಕ? ಇಂಟರ್‌ಲಾಕ್ ಟೈಲ್ಸ್ ಹಾಕಿಸಿಬಿಡಾಣ. ಸಂಕ್ರಾಂತಿ ಕಳೆದು ಬರೋ ಭಾನುವಾರ ಸಭೆ ಐತೆ. ಅಷ್ಟರೊಳಗೆ ನೀರು ಮೊದ್ಲಿನಂಗೆ ಹಾರಿದ್ರೆ ಹುಲ್ಲು ಇರ್ಲಿ. ಹಾರಲಿಲ್ಲ ಅಂದ್ರೆ ಟೈಲ್ಸು. ನ್ಯಾಯ ಹೌದೋ ಅಲ್ಲೋ?"

ನ್ಯಾಯ ಹೌದು ಅಂತ ಎಲ್ಲರೂ ತಲೆ ಆಡಿಸಿದೆವು.

ಮಾಲಿ ಅಲ್ಲೇ ಕೂತು ಕಳೆ ಕೀಳುತ್ತಿದ್ದ. ಮಾಯಕೊಂಡದವನು, ಐವತ್ತು ದಾಟಿದೆ. ಇರುವ ತುಂಡು ಹೊಲ ಅಣ್ಣನ ಕೈಯಲ್ಲಿದೆ. ಇವನು ಬುತ್ತಿ ಕಟ್ಟಿಕೊಂಡು ದಿನಾ ಮೊದಲ ಬಸ್ಸಿಗೆ ಬರುತ್ತಾನೆ. ಒಂಬತ್ತು ವರ್ಷದ ಹಿಂದೆ ಈ ಹುಲ್ಲನ್ನು ಒಂದೊಂದೇ ಎಳೆಯಾಗಿ ಊರಿದವನು ಅವನೇ. ಹುಲ್ಲು ಹೋದರೆ ಅವನ ಕೆಲಸವೂ ಹೋಯಿತು. ಟೈಲ್ಸಿಗೆ ಮಾಲಿ ಯಾಕೆ, ಪೊರಕೆ ಸಾಕು. ಅಲ್ಲಿದ್ದ ಎಲ್ಲರಿಗೂ ಇದು ಗೊತ್ತಿತ್ತು. ಆದ್ದರಿಂದಲೇ ಯಾರೂ ಅವನ ಕಡೆ ನೋಡುತ್ತಿರಲಿಲ್ಲ.

ಅಧ್ಯಕ್ಷರು ಮಾತ್ರ ಸಮಾಧಾನ ಹೇಳುವ ಧಾಟಿಯಲ್ಲಿ, "ಇಪ್ಪತ್ತು ವರ್ಷ ಗ್ಯಾರಂಟಿ ಕೊಡ್ತಾರಪಾ ಟೈಲ್ಸಿಗೆ" ಅಂದರು.

ಮಾಲಿ ಕತ್ತು ಎತ್ತದೆ, "ಅಷ್ಟು ಗ್ಯಾರಂಟಿ ನಂಗೂ ಇಲ್ಲ ಬಿಡ್ರಿ" ಅಂದ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಂತು, "ದೋಷ ಎಲ್ಲೈತೆ ಅಂತ ನಾನು ಹುಡುಕಿ ಕೊಡ್ತೀನ್ರಿ. ಮೂವತ್ತೆರಡು ವರ್ಷ ಮತ್ತೇನು ಮಾಡೀನಿ?" ಅಂತ ಘೋಷಿಸಿದೆ. ಮಾಲಿ ಕಳೆ ಕೀಳುವುದು ನಿಲ್ಲಿಸಿ ನನ್ನನ್ನೇ ನೋಡಿದ. ಆ ನೋಟವನ್ನು ನಾನು ಭಕ್ತಿ ಅಂತ ತಿಳಿದೆ.

೨. ಎದ್ದು ನಿಂತ ತೆಂಗಿನಕಾಯಿ

ನಾನು ಪಾನಾ ಹುಡುಕುವಷ್ಟರಲ್ಲಿ ಅಧ್ಯಕ್ಷರು ನೀರು ನೋಡುವವನನ್ನು ಕರೆಸಿಯೇ ಬಿಟ್ಟರು. ಈತ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ನಡೆಯುತ್ತಾನೆ. ನೆಲದ ಕೆಳಗೆ ನೀರಿದ್ದ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದಂತೆ. ಬೋರಿನ ನೀರು ಬತ್ತಿದೆ ಅಂತ ಈತನ ಬಾಯಿಂದ ಬಂದರೆ ಟೈಲ್ಸಿನ ದಾರಿ ಸಲೀಸು ಅಂತ ಅಧ್ಯಕ್ಷರ ಲೆಕ್ಕ.

ನಾನು ವಿಜ್ಞಾನ ಓದಿದವನು, ಇದನ್ನೆಲ್ಲ ನಂಬುವುದಿಲ್ಲ. ನಂಬದೆಯೇ ಹಿಂದೆ ನಡೆದೆ. ಚಪ್ಪಲಿ ಮಾತ್ರ ಬಿಟ್ಟಿದ್ದೆ.

ಮುಂದೆ ಆತ, ಹಿಂದೆ ಅಧ್ಯಕ್ಷರು, ಅವರ ಹಿಂದೆ ನಾನು, ಕಡೆಗೆ ಮಾಲಿ. ಹುಲ್ಲಿನ ಮೇಲೆ ಎರಡು ಸುತ್ತು ಬಂದೆವು. ಕಾಯಿ ಮಲಗಿಯೇ ಇತ್ತು. ಅಧ್ಯಕ್ಷರ ಮುಖ ಅರಳುತ್ತಾ ಬಂತು. ಮೂರನೇ ಸುತ್ತಿಗೆ ಪಂಪಿನ ಕೋಣೆಯ ಪಕ್ಕ, ತಗಡು ಮುಚ್ಚಿದ ಒಂದು ಜಾಗದ ಮೇಲೆ ಬಂದು ನಿಂತದ್ದೇ ತಡ, ಕಾಯಿ ಜುಟ್ಟು ಮೇಲೆ ಮಾಡಿಕೊಂಡು ನೆಟ್ಟಗೆ ಎದ್ದು ನಿಂತಿತು.

"ಇಲ್ಲೈತ್ರಿ ನೀರು! ಭಾರೀ ನೀರು! ಕಣ್ಣು ಮುಚ್ಚಿ ಇಲ್ಲೇ ಬೋರ್ ಹಾಕಿಸ್ರಿ!"

ನಾನು ಹೇಳಿದೆ: "ಅದು ಬೋರೇ ಕಣ್ರೀ. ನೀವು ನಿಂತಿರೋದು ಅದರ ಮುಚ್ಚಳದ ಮ್ಯಾಲೆ."

ಆತ ಕೆಳಗೆ ನೋಡಿದ. ತಗಡು ನೋಡಿದ. ಕಾಯಿ ಇನ್ನೂ ನಿಂತೇ ಇತ್ತು. ಎಳ್ಳಷ್ಟೂ ಅಳುಕದೆ, "ಮತ್ತೆ ನಂದು ಸುಳ್ಳಾತೇನ್ರಿ?" ಅಂದ.

ಬೋರಿನಲ್ಲಿ ಭಾರೀ ನೀರಿದೆ ಅಂತ ಅಧ್ಯಕ್ಷರೇ ಕರೆಸಿದವನ ಬಾಯಿಂದ ಬಂದಾಗಿತ್ತು. ಕಾಯಿಯನ್ನು ಅಧ್ಯಕ್ಷರು ಮನೆಗೆ ಒಯ್ದರು. ಅವರು ಹೋದ ಮೇಲೆ ಮಾಲಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ನೀರೈತೆ ಅಂತ ಕಾಯಿಗೂ ಗೊತ್ತಾತು ಸಾರ್. ಇನ್ನು ಸ್ಪ್ರಿಂಕ್ಲರಿಗೆ ಯಾರಾದ್ರೂ ಹೇಳ್ಬೇಕು."

೩. ಮೂರು ಗೇಜು

ಹರಿಹರದಲ್ಲಿ ನನ್ನ ಶಿಷ್ಯನೊಬ್ಬ ಇದ್ದಾನೆ. ಕಾರ್ಖಾನೆಯಲ್ಲಿ ನನ್ನ ಕೈಕೆಳಗೆ ಫಿಟ್ಟರ್ ಆಗಿದ್ದವನು, ಈಗ ಸ್ವಂತ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಫೋನ್ ಮಾಡಿದೆ. "ಗುರುಗಳು ಕರೆದ ಮೇಲೆ ಬರದೆ ಇರಾಕಾಕತೇನ್ರಿ" ಅಂತ ಮಧ್ಯಾಹ್ನವೇ ಬೈಕಿನಲ್ಲಿ ಬಂದ.

ಬಂದವನು ಮೊದಲು ಸ್ಟಾರ್ಟರ್ ಪೆಟ್ಟಿಗೆ ತೆಗೆದು ನೋಡಿದ, ಆಂಪಿಯರ್ ಅಳೆದ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಆಲಿಸಿದ. "ಮೋಟ್ರು ಚಲೋ ಐತ್ರಿ ಗುರುಗಳೆ." ಆಮೇಲೆ ಹುಲ್ಲಿನ ಅಂಚಿನಲ್ಲಿರುವ ವಾಲ್ವಿನ ಗುಂಡಿಯ ಚಪ್ಪಡಿ ಸರಿಸಿ ಒಳಗೆ ಇಣುಕಿದ. ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಚಪ್ಪಡಿ ಮುಚ್ಚಿದ. ಮುಚ್ಚುವ ಮುಂಚೆ ಅವನ ಹಿಂದಿನಿಂದ ನಾನೂ ಇಣುಕಿ ನಮಸ್ಕಾರ ಮಾಡಿದ್ದೆ. ಅಲ್ಲಿ ಮತ್ತೆ ನೋಡುವಂಥದ್ದು ಏನೂ ಇರಲಿಲ್ಲ.

ಕಡೆಗೆ ಬೋರಿನ ಬಾಯಿಯ ಹತ್ತಿರ ಪೈಪಿಗೆ ಒಂದು ಪ್ರೆಷರ್ ಗೇಜು ಕೂಡ್ರಿಸಿದ. ಪಂಪು ಹಾಕಿದೆವು. ಮುಳ್ಳು ಸರ್ರನೆ ಏರಿ ಐದು ಕೆ.ಜಿ.ಯ ಮೇಲೆ ನಿಂತಿತು. ಅಂದರೆ ಭರ್ತಿ ಪ್ರೆಷರು. ಅತ್ತ ಸ್ಪ್ರಿಂಕ್ಲರುಗಳು ಪಾದ ತೊಳೆದುಕೊಳ್ಳುತ್ತಿವೆ.

ನಾನು ಐದು ನಿಮಿಷ ಯೋಚಿಸಿ ತೀರ್ಪು ಕೊಟ್ಟೆ: "ಗೇಜು ಕೆಟ್ಟೈತೆ."

ಶಿಷ್ಯ ಹರಿಹರಕ್ಕೆ ಹೋಗಿ ಬೇರೆ ಗೇಜು ತಂದ. ಅದೂ ಐದು ಕೆ.ಜಿ. "ಇದೂ ಕೆಟ್ಟೈತೆ" ಅಂದೆ. ಗುರುಗಳ ಮಾತು ಮೀರುವ ಹಾಗಿಲ್ಲ. ಪಾಪ, ಮತ್ತೆ ಹೋದ. ಮೂರನೆಯದು ಹೊಸದು, ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚಿರಲಿಲ್ಲ. ಐದು ಕೆ.ಜಿ.

"ಈಗಿನ ಮಾಲೇ ಹಿಂಗೆ" ಅಂದೆ.

ನಮ್ಮ ಸಮಿತಿಯಲ್ಲಿ ಒಬ್ಬ ಡಾಕ್ಟರಿದ್ದಾರೆ. ಕ್ಲಿನಿಕ್ ನಿಲ್ಲಿಸಿ ನಾಲ್ಕು ವರ್ಷ ಆಯಿತು, ಮಾತು ನಿಲ್ಲಿಸಿಲ್ಲ. ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದವರು, "ನನ್ನ ಹತ್ರಾನೂ ಇಂಥಾ ಪೇಷಂಟ್ ಬರ್ತಿದ್ರು. ಮೂರು ಮಷಿನ್ ಹಾಕಿ ನೋಡಿದ್ರೂ ಬಿ.ಪಿ. ಅಷ್ಟೇ ಬಂತಂದ್ರೆ ಮಷಿನ್ ಸರಿ ಇಲ್ಲ ಅಂತಿದ್ರು" ಅಂದರು.

"ಆಮೇಲೆ?"

"ಆಮೇಲೇನು, ಅವರ ಮಗ ಬಂದು ಡೆತ್ ಸರ್ಟಿಫಿಕೇಟ್ ತಗೊಂಡು ಹೋಗ್ತಿದ್ದ."

೪. ಹುಣಸೆ ನೀರು

ನಮ್ಮೂರ ಬೋರಿನ ನೀರು ಗಡಸು. ಯಾವ ಪಾತ್ರೆಯಲ್ಲಿ ಕಾಯಿಸಿದರೂ ಬಿಳಿ ಪದರ ಕಟ್ಟುತ್ತದೆ. ಹಾಗಾದರೆ ಸ್ಪ್ರಿಂಕ್ಲರಿನ ತೂತುಗಳಲ್ಲೂ ಅದೇ ಕಟ್ಟಿರಬೇಕು ಅಂತ ನನಗೆ ಹೊಳೆಯಿತು. ಇಪ್ಪತ್ತನಾಲ್ಕನ್ನೂ ಮಾಲಿ ಬಿಚ್ಚಿಕೊಟ್ಟ. ಚೀಲದಲ್ಲಿ ತುಂಬಿ ಮನೆಗೆ ತಂದು, ಹೆಂಡತಿ ಮಲಗಿದ್ದ ಸಮಯ ನೋಡಿ, ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ಹುಣಸೆಹಣ್ಣು ಕಿವುಚಿ ನೆನೆಹಾಕಿದೆ.

ಎದ್ದು ಬಂದವಳು ಪಾತ್ರೆ ನೋಡಿದಳು.

"ಏನ್ರಿ ಇದು? ವರ್ಷದ ಹುಣಸೆಹಣ್ಣು!"

"ಪಾರ್ಕಿಂದು. ಸುಣ್ಣ ಬಿಡಬೇಕು."

"ಮನ್ಯಾಗಿನ ದೀಪ, ತಂಬಿಗೆ ಬೆಳಗ್ರಿ ಅಂತ ಮದುವ್ಯಾದಾಗಿಂದ ಹೇಳಾಕತ್ತೀನಿ. ಅವಾಗ ಕೈನೋವು. ಪಾರ್ಕಿಂದಕ್ಕೆ ಕೈ ಹೆಂಗೆ ನೆಟ್ಟಗಾತು?"

ನಾನು ಉಜ್ಜಿದೆ. ತಾಯಾಣೆ, ಎರಡು ತಾಸು ಉಜ್ಜಿದೆ. ಸೂಜಿ ಹಾಕಿ ಒಂದೊಂದು ತೂತೂ ಬಿಡಿಸಿದೆ. ಒಂದರಲ್ಲೂ ಹೇಳಿಕೊಳ್ಳುವಂಥ ಸುಣ್ಣ ಇರಲಿಲ್ಲ. ಹಿತ್ತಾಳೆ ಮಾತ್ರ ಮದುವೆಮನೆಯ ಕಳಶದ ಹಾಗೆ ಹೊಳೆಯಿತು. ಮನಸ್ಸು ಕರಗಿ ಅವಳೂ ಕಡೆಯ ಏಳೆಂಟನ್ನು ತೊಳೆದುಕೊಟ್ಟಳು. ಸಂಜೆ ಮಾಲಿ ಮತ್ತೆ ಎಲ್ಲ ಜೋಡಿಸಿದ. ತನ್ನ ಹುಣಸೆಹಣ್ಣಿನ ಫಲ ನೋಡಬೇಕೆಂದು ಹೆಂಡತಿಯೂ ಪಾರ್ಕಿಗೆ ಬಂದಳು. ಪಂಪು ಹಾಕಿದೆವು.

ಇಳಿಬಿಸಿಲಿಗೆ ಇಪ್ಪತ್ತನಾಲ್ಕು ಹಿತ್ತಾಳೆ ತಲೆಗಳು ಫಳಫಳ ಹೊಳೆಯುತ್ತಾ, ಗಂಭೀರವಾಗಿ, ಪಾದ ತೊಳೆದುಕೊಂಡವು.

ಅವಳು ಸ್ವಲ್ಪ ಹೊತ್ತು ನೋಡಿ, "ಥೇಟ್ ನೀವು ಡ್ಯೂಟಿಗೆ ಹೋಗ್ತಿದ್ದಂಗೆ ಐತೆ" ಅಂದಳು.

"ಹೆಂಗೆ?"

"ಬೆಲ್ಟಿನ ಬಕ್ಕಲ್ಲು ಭಾರೀ ಮಿಂಚ್ತಿತ್ತು."

೫. ಬರಿಗಾಲಿನ ಪರೀಕ್ಷೆ

ಉಳಿದದ್ದು ಸೋರಿಕೆ. ನೆಲದೊಳಗೆ ಎಲ್ಲೋ ಪೈಪು ಬಿರುಕು ಬಿಟ್ಟು ನೀರು ಅಲ್ಲೇ ಇಂಗುತ್ತಿರಬೇಕು. ಇಡೀ ಹುಲ್ಲುಹಾಸು ಅಗೆಯುವ ಹಾಗಿಲ್ಲ. ಅಗೆದರೆ ಟೈಲ್ಸಿನವರ ಅರ್ಧ ಕೆಲಸ ನಾವೇ ಮಾಡಿಕೊಟ್ಟಂತೆ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಬೆಳಿಗ್ಗೆ ವಾಕಿಂಗಿಗೆ ಬರುವ ಹಿರಿಯರನ್ನೆಲ್ಲ ಸೇರಿಸಿ, ಬೂಟು ಸಾಕ್ಸು ಬಿಚ್ಚಿಸಿ, ಒಂದೇ ಸಾಲಿನಲ್ಲಿ ಹುಲ್ಲಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆಸುವುದು. ಯಾರ ಪಾದಕ್ಕೆ ತೇವ ತಾಗುತ್ತದೋ ಅವರು ಕೈ ಎತ್ತಬೇಕು.

ಹದಿನಾಲ್ಕು ಜನ ಸಾಲಾಗಿ ನಿಂತರು. ನಾನು ವಾರ್ಷಿಕ ತಪಾಸಣೆಯ ಹಾಗೆ ಮುಂದೆ ನಿಂತು ಸೂಚನೆ ಕೊಟ್ಟೆ. ಡಾಕ್ಟರು ಸಾಲಿನಿಂದಲೇ ಕೇಳಿದರು: "ಕಾರ್ಯದರ್ಶಿಗಳೇ, ಇಲ್ಲಿರೋರಲ್ಲಿ ಒಂಬತ್ತು ಜನಕ್ಕೆ ಶುಗರ್ ಐತೆ. ಕೆಂಡ ತುಳಿದ್ರೂ ಗೊತ್ತಾಗಲ್ಲ. ತೇವ ಎಲ್ಲಿ ಗೊತ್ತಾಕತೆ?"

ಒಂಬತ್ತು ಜನರನ್ನು ಬೆಂಚಿಗೆ ಕಳಿಸಿದೆ. ಉಳಿದ ಐವರು ನಡೆದರು. ಗೇಟಿನ ಹತ್ತಿರ ಬಂದಾಗ ಒಬ್ಬರು ಎರಡೂ ಕೈ ಎತ್ತಿ, "ತೇವ! ತಂಪೈತೆ ಇಲ್ಲಿ! ಬರ್ರಿ ಬರ್ರಿ!" ಅಂತ ಕೂಗಿದರು. ನೋಡಿದರೆ ನಿಜ. ಗೇಟಿನಿಂದ ಕಲ್ಲುಬೆಂಚಿನವರೆಗೆ ಒಂದು ಗಜ ಅಗಲದ ಪಟ್ಟಿ ಹಸಿಯಾಗಿದೆ, ಅಲ್ಲಿಯ ಹುಲ್ಲು ಗಿಣಿಯ ರೆಕ್ಕೆಯ ಹಾಗೆ ಹಸಿರು. ಸುತ್ತ ಎಲ್ಲ ಹಳದಿ.

"ಸಿಕ್ತು! ಪೈಪು ಇಲ್ಲೇ ಸೀಳೈತೆ!" ಅಂತ ನಾನು ಗುದ್ದಲಿ ತರಿಸಿದೆ. ಮೊಣಕಾಲುದ್ದ ಅಗೆದೆವು. ಪೈಪು ಸಿಗಲಿಲ್ಲ. ಅಲ್ಲಿ ಪೈಪೇ ಇರಲಿಲ್ಲ. ಹಾಗಾದರೆ ನೀರು?

ಮಾಲಿ ತಲೆ ಕೆರೆದುಕೊಂಡು ಹತ್ತಿರ ಬಂದ.

"ಅದು ನಾನು ಹಾಕಿದ್ದು ಸಾರ್. ದಿನಾ ಬೆಳಿಗ್ಗೆ ಬಂದ ಕೂಡ್ಲೆ ಇಪ್ಪತ್ತು ಬಕೆಟ್ ಹಾಕ್ತೀನಿ."

"ಇಷ್ಟೇ ಯಾಕೆ ಹಾಕ್ತೀಯಪಾ? ಆ ಕಡೆ ಎಲ್ಲಾ ಒಣಗೈತಲ್ಲ?"

"ಎಲ್ಲಾ ಕಡೆ ಹಾಕಾಕೆ ಕೈ ಸಾಲಲ್ರೀ. ಅಧ್ಯಕ್ಷರು ನಡೆಯೋ ದಾರಿ ಇದೊಂದೇ. ಅವ್ರ ಕಣ್ಣಿಗೆ ಹಸಿರು ಬಿದ್ರೆ ಮನಸ್ಸು ತಿರುಗ್ತತೇನೋ ಅಂತ."

ಯಾರೂ ನಗಲಿಲ್ಲ. ಐವತ್ತು ದಾಟಿದವನು ಇಪ್ಪತ್ತು ಬಕೆಟ್ ಎತ್ತುತ್ತಾನೆ, ಒಬ್ಬರು ನೋಡಲಿ ಅಂತ. ಮಾತು ಬೇರೆ ಕಡೆ ತಿರುಗಿಸಲು, "ಇಪ್ಪತ್ತು ಬಕೆಟ್ ತುಂಬಾಕೆ ಎಷ್ಟು ಹೊತ್ತಾಕತೆ? ನೀರು ಬರೋದೇ ಸಣ್ಣಗೆ ಅಲ್ಲೇನು?" ಅಂದೆ.

"ಇಲ್ರೀ, ಪಂಪಿನ ಕೋಣೆ ನಲ್ಲಿಯಾಗೆ ಭಾರೀ ರಭಸ. ಬಕೆಟ್ ಗಟ್ಟಿ ಹಿಡೀಲಿಲ್ಲ ಅಂದ್ರೆ ಹಾರಿ ಹೋಕತೆ" ಅಂತ ಹೇಳಿ ನನ್ನ ಮುಖವನ್ನೇ ನೋಡುತ್ತಾ ನಿಂತ.

ಬೋರಿನಲ್ಲಿ ನೀರಿದೆ. ಮೋಟಾರು ಚೆನ್ನಾಗಿದೆ. ಗೇಜು ಐದು ತೋರಿಸುತ್ತದೆ. ಪಂಪಿನ ಹತ್ತಿರದ ನಲ್ಲಿಯಲ್ಲಿ ಬಕೆಟ್ ಹಾರುತ್ತದೆ. ಮೂವತ್ತೆರಡು ವರ್ಷ ಅನುಭವದ ನಾನು ಇಷ್ಟನ್ನೂ ಕೇಳಿ, ಗಂಭೀರವಾಗಿ ತಲೆದೂಗಿ, "ಬಕೆಟ್ ಹೊಸದು ತಗೊಳ್ಳಾಣ" ಅಂದೆ.

೬. ಸಭೆ

ಸಂಕ್ರಾಂತಿ ಕಳೆದು ಭಾನುವಾರ ಬಂತು. ಸಂಜೆ ನಾಲ್ಕಕ್ಕೆ ಸಭೆ. ಗೇಟಿನ ಹೊರಗೆ ಟೈಲ್ಸು ತುಂಬಿದ ಟ್ರಾಕ್ಟರು ಆಗಲೇ ಬಂದು ನಿಂತಿತ್ತು. ಅಧ್ಯಕ್ಷರು ವ್ಯಾಪಾರಸ್ಥರು, ತಡ ಮಾಡುವವರಲ್ಲ.

ಆದರೂ ನ್ಯಾಯವಂತರು. "ಎಲ್ಲಾರ ಕಣ್ಣಮುಂದೆ ಒಂದ್ಸಲ ಪಂಪ್ ಹಾಕ್ರಿ. ಎಲ್ಲಾರೂ ನೋಡ್ಲಿ, ಆಮೇಲೆ ಕೈ ಎತ್ಲಿ" ಅಂದರು. ಕುರ್ಚಿಗಳನ್ನು ಹುಲ್ಲಿನ ಮೇಲೆ, ಸ್ಪ್ರಿಂಕ್ಲರುಗಳ ನಡುನಡುವೆಯೇ ಹಾಕಿದ್ದರು. ನೀರು ಕಣಕಾಲಿಗಿಂತ ಮೇಲೆ ಬರುವುದಿಲ್ಲವಲ್ಲ, ಹೆದರಿಕೆ ಏನು. ನಲವತ್ತು ಜನ ಕೂತರು. ಹೆಂಗಸರು ಕಾಲು ತುಸು ಹಿಂದಕ್ಕೆ ಎಳೆದುಕೊಂಡರು, ಅಷ್ಟೇ. ಅಧ್ಯಕ್ಷರು ಬಿಳಿ ಬೂಟನ್ನು ಇನ್ನೊಂದು ಕುರ್ಚಿಯ ಅಡ್ಡಪಟ್ಟಿಯ ಮೇಲೆ ಇಟ್ಟುಕೊಂಡರು. ನಾನು ನಡಾವಳಿ ಪುಸ್ತಕ ತೊಡೆಯ ಮೇಲೆ ಬಿಡಿಸಿದೆ. ಮಾಲಿ ಪಂಪು ಹಾಕಿದ. ಇಪ್ಪತ್ತನಾಲ್ಕೂ ಪಾದ ತೊಳೆದುಕೊಂಡವು. ಯಾರೋ ನಿಟ್ಟುಸಿರು ಬಿಟ್ಟರು.

"ಕಾರ್ಯದರ್ಶಿಗಳೇ, ದೋಷ ಸಿಕ್ತೇನ್ರಿ?"

"ಇಲ್ರೀ" ಅಂದೆ. ಆ ಎರಡಕ್ಷರ ಹೇಳುವುದಕ್ಕೆ ಮೂವತ್ತೆರಡು ವರ್ಷದ ಸರ್ವೀಸು ಅಡ್ಡ ಬಂತು.

ಕೈ ಎತ್ತುವ ಮುಂಚೆ ಅಧ್ಯಕ್ಷರು ಮಾಲಿಯನ್ನು ಕರೆದರು. "ಬೀಗದ ಕೈ, ಸಾಮಾನು ಎಲ್ಲಾ ಕಾರ್ಯದರ್ಶಿಗಳಿಗೆ ಒಪ್ಪಿಸಿಬಿಡಪಾ. ಬ್ಯಾಸರ ಮಾಡ್ಕಬ್ಯಾಡ."

ಅವನು ಗುದ್ದಲಿ, ಕತ್ತರಿ, ರಬ್ಬರ್ ಪೈಪು ತಂದು ನನ್ನ ಮುಂದೆ ಸಾಲಾಗಿ ಇಟ್ಟ. ಬೀಗದ ಕೈಯನ್ನು ಎರಡೂ ಕೈಯಿಂದ ಕೊಟ್ಟ. ಆಮೇಲೆ ವಾಲ್ವಿನ ಗುಂಡಿಯ ಹತ್ತಿರ ಹೋಗಿ, ಚಪ್ಪಡಿ ಸರಿಸಿ, ಅಲ್ಲಿಂದಲೇ ಕೂಗಿ ಕೇಳಿದ:

"ಸಾರ್, ಹಾರ ತೆಗೀಲೇನ್ರಿ? ಒಣಗೈತೆ."

"ಯಾವ ಹಾರ?"

"ಪೂಜೆ ದಿನ ನೀವು ವಾಲ್ವಿಗೆ ಹಾಕಿದ್ದು. ನೀವು ಹಾಕಿದ್ದು ನಾನು ತೆಗೆಯಂಗಿಲ್ಲ ಅಂತ ಹಂಗೇ ಬಿಟ್ಟೀನಿ."

"ತೆಗಿಯಪಾ."

ಒಣಗಿದ ಚೆಂಡುಹೂವಿನ ಹಾರ ಮೇಲೆ ಬಂತು. ಮತ್ತೆ ಅವನ ಪ್ರಶ್ನೆ: "ವಾಲ್ವು ಹಿಂಗೇ ಮುಚ್ಚಿರ್ಲೇನ್ರಿ, ಪೂರಾ ಬಿಚ್ಚಿ ಹೋಗ್ಲೇನ್ರಿ?"

ನಾನು ಕೇಳಿದೆ: "ಮುಚ್ಚಿರಲಿ ಅಂದ್ರೆ? ಮುಚ್ಚಿದ್ದು ಯಾರು?"

"ನೀವೇ ಅಲ್ರೀ!"

ಆಗ ನೆನಪಾಯಿತು. ಅವತ್ತು ಪಂಪು, ಸ್ಟಾರ್ಟರು, ಹುಲ್ಲು ಕತ್ತರಿಸುವ ಯಂತ್ರ ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿ ಪೂಜೆ ಇಟ್ಟುಕೊಂಡಿದ್ದೆವು. ಅಯ್ಯನೋರು ಮಂಗಳಾರತಿ ಎತ್ತುವಾಗ ಸ್ಪ್ರಿಂಕ್ಲರು ಹಾರುತ್ತಿದ್ದರೆ ಶೋಭೆ ಅಂತ ಅಧ್ಯಕ್ಷರ ಅಪೇಕ್ಷೆ. ಹಾರಿಸಿದರೆ ಆರತಿ ಆರುತ್ತದೆ, ರೇಷ್ಮೆ ಸೀರೆಗಳು ನೆನೆಯುತ್ತವೆ, ಪ್ರಸಾದದ ಮಂಡಕ್ಕಿ ಮೆತ್ತಗಾಗುತ್ತದೆ. ನಾನು ಮುಂದೆ ಬಂದು ಗೇಟ್‌ವಾಲ್ವಿನ ಚಕ್ರವನ್ನು ಸುತ್ತಿ ಸುತ್ತಿ, ಮುಕ್ಕಾಲು ಪಾಲು ಮುಚ್ಚಿ, ನೀರನ್ನು ಪನ್ನೀರು ಚಿಮುಕಿಸಿದ ಹಾಗೆ ಕಣಕಾಲಿಗೆ ನಿಲ್ಲಿಸಿದ್ದೆ. ಎಲ್ಲರೂ ಮೆಚ್ಚಿದ್ದರು. ಆ ಮೆಚ್ಚುಗೆಯ ಉಬ್ಬಿನಲ್ಲಿ ಚಕ್ರಕ್ಕೆ ಹಾರ ಸುತ್ತಿ, ಚಪ್ಪಡಿ ಮುಚ್ಚಿ, ಮಂಡಕ್ಕಿ ತಿಂದು ಮನೆಗೆ ಹೋಗಿದ್ದೆ. ಆಮೇಲೆ ಮಳೆ ಹಿಡಿಯಿತು, ಒಂದು ತಿಂಗಳವರೆಗೆ ಪಂಪು ಹಾಕುವ ಪ್ರಸಂಗವೇ ಬರಲಿಲ್ಲ. ಆ ಮೇಲೆ ಯಾರು ಚಪ್ಪಡಿ ಸರಿಸಿದರೂ ಹಾರ ಕಂಡು ಕೈ ಮುಗಿದು ಮುಚ್ಚಿದರು. ಮೊದಲು ನನ್ನ ಶಿಷ್ಯ, ಅವನ ಹಿಂದೆ ನಾನು.

"ಅಲ್ಲಪಾ, ನಿಂಗೆ ಗೊತ್ತಿತ್ತಲ್ಲ! ನಿನ್ನ ಕೆಲ್ಸಾನೇ ಹೊಂಟಿತ್ತು. ಒಂದು ಮಾತು ಯಾಕ ಹೇಳ್ಲಿಲ್ಲ?"

ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಾನೇನು ಹೇಳ್ಲಿ ಸಾರ್? ಫ್ಯಾಕ್ಟ್ರಿ ನಡೆಸಿದೋರು ನೀವು. ನೀವು ಮುಚ್ಚೀರಿ ಅಂದ್ರೆ ಅದಕ್ಕೇನೋ ಲೆಕ್ಕ ಇರ್ತತೆ ಅನ್ಕಂಡೆ. ಕಾಯಿ ನಿಂತಾಗ ಅಂದೆ, ಬಕೆಟ್ ಹಾರ್ತತೆ ಅಂತಾನೂ ಅಂದೆ. ನೀವು ಬಕೆಟ್ ಕೊಡಿಸಿದ್ರಿ."

ಡಾಕ್ಟರ ಕುರ್ಚಿ ಅಲುಗುತ್ತಿತ್ತು. ನಾನು ಅವಮಾನ ಮುಚ್ಚಿಕೊಳ್ಳುವ ಅವಸರದಲ್ಲಿ, ಪಂಪು ಇನ್ನೂ ಓಡುತ್ತಿದೆ ಎಂಬುದನ್ನು ಮರೆತು, ಗಟ್ಟಿ ದನಿಯಲ್ಲಿ ಅಪ್ಪಣೆ ಕೊಟ್ಟೆ: "ಬಿಚ್ಚು! ಪೂರಾ ಬಿಚ್ಚು!"

ನನ್ನ ಮಾತನ್ನು ಅವನು ಯಾವತ್ತು ಮೀರಿದ್ದಾನೆ? ಪೂರಾ ಬಿಚ್ಚಿದ.

ಹುಣಸೆ ನೀರಿನಲ್ಲಿ ಬೆಳಗಿದ ಇಪ್ಪತ್ತನಾಲ್ಕು ತಲೆಗಳು ಒಮ್ಮೆ ಬುಸುಗುಟ್ಟಿ, ನಲವತ್ತು ಜನರ ಸಭೆಯ ನಡುವೆ ಹನ್ನೆರಡು ಹನ್ನೆರಡು ಅಡಿ ಹಾರಿದವು. ಕುರ್ಚಿ ಉರುಳಿದವು. ನನ್ನ ಹೆಂಡತಿ "ಬಂತು! ಬಂತು!" ಅಂತ ಚಪ್ಪಾಳೆ ತಟ್ಟುತ್ತಾ ನೆನೆದಳು. ಟ್ರಾಕ್ಟರಿನವನು ಗೇಟಿನ ಹೊರಗೆ ಗಾಡಿಯ ಮೇಲೆ ನಿಂತು ನೋಡಿದ. ಮಾಲಿ ವಾಲ್ವಿನ ಪಕ್ಕ ನಿಂತು, ತನ್ನ ಹುಲ್ಲಿನ ಮೇಲೆ ಬೀಳುವ ನೀರನ್ನು ನೋಡುತ್ತಿದ್ದ. ಅವನ ಮುಖವೂ ಒದ್ದೆಯಾಗಿತ್ತು. ಅವನು ನಿಂತ ಜಾಗಕ್ಕೆ ಸ್ಪ್ರಿಂಕ್ಲರಿನ ನೀರು ಬರುವುದಿಲ್ಲ.

ಅಧ್ಯಕ್ಷರೊಬ್ಬರೇ ಕುರ್ಚಿ ಬಿಟ್ಟು ಏಳಲಿಲ್ಲ. ನೆತ್ತಿಯಿಂದ ನೀರು ಇಳಿಯುತ್ತಿತ್ತು, ಎರಡೂ ಬೂಟು ಕೆಸರಿನಲ್ಲಿ ಹೂತಿದ್ದವು. ಪಂಪು ಆರಿಸಿದ ಮೇಲೆ ನಿಧಾನವಾಗಿ ಮುಖ ಒರೆಸಿಕೊಂಡು, "ಕೂಡ್ರಿ ಎಲ್ಲಾರೂ. ಸಭೆ ಇನ್ನೂ ಮುಗಿದಿಲ್ಲ" ಅಂದರು. ಒದ್ದೆ ಕುರ್ಚಿಗಳ ಮೇಲೆ ಎಲ್ಲರೂ ಕೂತೆವು.

"ಕಾರ್ಯದರ್ಶಿಗಳೇ, ಬರ್ಕೊಳ್ರಿ. ಒಂದು, ಹುಲ್ಲು ಇರ್ಲಿ. ಎರಡು, ಮಾಲಿ 'ಸಾಕು' ಅಂತ ತಾನೇ ಹೇಳೋ ತನಕ ಮಾಲಿ ಇರ್ಲಿ. ಮೂರು, ಬಂದ ಟೈಲ್ಸು ನಡೆಯೋ ದಾರಿಗೆ ಹಾಕ್ಲಿ, ನನ್ನ ಬೂಟು ನೋಡ್ರಿ. ನಾಕು, ವಾಲ್ವು ಮುಚ್ಚಿದ್ದು ಯಾರು, ಯಾವತ್ತು ಅನ್ನೋದೂ ಕಾಗದದ ಮ್ಯಾಲೆ ಬರ್ಲಿ."

"ಅದೊಂದು ಬ್ಯಾಡ್ರಿ" ಅಂದೆ.

ಡಾಕ್ಟರು ಕನ್ನಡಕ ಒರೆಸುತ್ತಾ ಕೇಳಿದರು: "ಯಂತ್ರಗಳೇ, ವರ್ಷಪೂರ್ತಿ ನಮಗೆ ತ್ರಾಸು ಕೊಡಬ್ಯಾಡ್ರಪ್ಪಾ ಅಂತ ಕೈ ಮುಗಿಯೋ ದಿನ ಅಲ್ವೇನ್ರಿ ಅದು?"

ಒದ್ದೆ ಪುಸ್ತಕದಲ್ಲಿ, ಹರಡುವ ಮಸಿಯಲ್ಲಿ, ನನ್ನ ಕೈಯಾರೆ ಬರೆದೆ. ಈಗಲೂ ಓದಲು ಬರುತ್ತದೆ: 'ಹುಲ್ಲುಹಾಸಿನ ನೀರಿನ ವಾಲ್ವನ್ನು ಕಾರ್ಯದರ್ಶಿಯವರು ಸ್ವತಃ ಮುಚ್ಚಿ ಮರೆತದ್ದು ಮಹಾನವಮಿಯಂದು, ಆಯುಧಪೂಜೆಯ ದಿನ.'